ಲಾಕಿ ಮೇಷ್ಟ್ರು ತೆಗೆಯಲು ಹೇಳಿದ ಸಾಲು

ನಮ್ಮ ಊರಲ್ಲಿ ಲಾಕಿ ಎಂಬ ಹೆಸರಿನವರು ಒಂಬತ್ತು ಜನ ಇದ್ದರು. ಹಾಗಾಗಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಬಾಲ. ಕಮ್ಮಾರ ಲಾಕಿ, ಕುಂಟ ಲಾಕಿ, ಚರ್ಚಿನ ಹಿಂದಿನ ಲಾಕಿ. ನಾನು ಹೇಳಹೊರಟಿರುವುದು ಒಟ್ಟಾವಾ ಲಾಕಿಯವರ ವಿಷಯ. ಪೂರ್ತಿ ಹೆಸರು ಲಾಕ್ಲನ್ ಮೆಕ್‌ಫೀ, ಶಾಲೆಯಲ್ಲಿ ನನಗೆ ಚರಿತ್ರೆ ಕಲಿಸಿದವರು, ಆದ್ದರಿಂದ ನನ್ನ ಬಾಯಲ್ಲಿ ಕೊನೆಯವರೆಗೂ ಮೇಷ್ಟ್ರು. ಅವರು ರಾಜಧಾನಿ ಒಟ್ಟಾವಾಕ್ಕೆ ಜೀವಮಾನದಲ್ಲಿ ಹೋದದ್ದು ಒಂದೇ ಸಲ. ಅದೂ ಹಲ್ಲುನೋವು ಹತ್ತಿ ಮೂರು ದಿನ ಹೋಟೆಲ್ ಕೋಣೆಯಲ್ಲೇ ಬಿದ್ದುಕೊಂಡು, ಪಾರ್ಲಿಮೆಂಟನ್ನು ಕಿಟಕಿಯಿಂದ ನೋಡಿ ವಾಪಸು ಬಂದರು. ಆದರೂ ಅಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಯಾರ ಬೆನ್ನಿಗೆ ಚೂರಿ ಹಾಕಲು ಕಾಯುತ್ತಿದ್ದಾರೆ ಎಂಬುದೆಲ್ಲ ಅವರ ನಾಲಗೆ ತುದಿಯಲ್ಲಿತ್ತು.

ಕೇಪ್ ಬ್ರೆಟನ್ ದ್ವೀಪದ ನಮ್ಮ ಕಡೆಯ ತೀರಕ್ಕೆಲ್ಲ ಇದ್ದದ್ದು ಒಂದೇ ವಾರಪತ್ರಿಕೆ, ‘ಕೊಲ್ಲಿ ವಾರ್ತೆ’. ಅದರ ಸಂಪಾದಕಿ, ಬೆರಳಚ್ಚುಗಾರ್ತಿ, ಪುಟ ಜೋಡಿಸುವವಳು, ಕಸ ಗುಡಿಸುವವಳು ಎಲ್ಲ ನಾನೇ. ಎಫಿ ಎಂದರೆ ಸಾಕು, ಕಾಗದ ಬಂದು ತಲುಪುತ್ತದೆ. ಮೇಷ್ಟ್ರು ಪ್ರತಿ ಸೋಮವಾರ ಬೆಳಿಗ್ಗೆ ಪೆನ್ಸಿಲಿನಲ್ಲಿ ಬರೆದ ನಾಲ್ಕು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು, ಒಂದು ಲೋಟ ಟೀ ಕುಡಿದು ಹೋಗುವರು. ಅಂಕಣದ ಹೆಸರು ‘ಎರಡು ಮಾತು’. ಮೊದಲರ್ಧ ರಾಜಕೀಯ. ಕ್ಯುಬೆಕ್‌ನವರು ಈ ಸಲ ಬೇರೆ ಹೋಗುತ್ತೇವೆ ಎನ್ನುತ್ತಾರೋ ಇಲ್ಲವೋ, ಪಶ್ಚಿಮದ ಎಣ್ಣೆ ಬಾವಿಯವರಿಗೆ ಯಾಕಿಷ್ಟು ಕೋಪ, ಮೇಲ್ಮನೆಯಾದ ಸೆನೆಟ್ಟಿಗೆ ನೇಮಕವಾಗುವವರು ದಿಂಬನ್ನೂ ಜೊತೆಗೆ ಒಯ್ಯುತ್ತಾರೋ ಅಥವಾ ಅಲ್ಲೇ ಕೊಡುತ್ತಾರೋ, ಇಂಥವು. ಈ ದೇಶವನ್ನು ಯಾರೂ ಆಳುವುದಿಲ್ಲ, ಎಲ್ಲರೂ ಸೇರಿ ಕೆಲಸವನ್ನು ಮುಂದಕ್ಕೆ ಹಾಕುತ್ತಾರೆ, ಅದಕ್ಕೇ ಇದು ಇನ್ನೂ ಒಡೆದಿಲ್ಲ ಎಂದು ಒಂದು ಸಲ ಬರೆದಿದ್ದರು. ಅದನ್ನು ಕತ್ತರಿಸಿ ಅಂಚೆಕಚೇರಿಯ ಗೋಡೆಗೆ ಅಂಟಿಸಿದ್ದರು ಜನ.

ಆಮೇಲೆ ಹಾಳೆಯ ನಡುವೆ ಮೂರು ನಕ್ಷತ್ರ. ಅದರ ಕೆಳಗೆ ಸಂಗೀತ. ಆ ವಾರ ಯಾರ ಅಡುಗೆಮನೆಯಲ್ಲಿ ಯಾರ ಪಿಟೀಲು ಕೇಳಿದೆ, ಪಿಯಾನೊಗೆ ಯಾರು ಕೂತಿದ್ದರು, ಯಾವ ರಾಗ ಮೈ ಝುಮ್ಮೆನ್ನಿಸಿತು. ಒಂದೊಂದು ಸಲ ಎರಡೂ ಅರ್ಧಗಳು ಬೆರೆಯುತ್ತಿದ್ದವು. ಬಹುಮತವಿಲ್ಲದ ಸರ್ಕಾರ ಎಂದರೆ ಪಿಯಾನೊದ ಸಾಥ್ ಇಟ್ಟುಕೊಂಡ ಪಿಟೀಲಿನ ಹಾಗೆ, ಸಾಥ್ ಕೊಡುವವಳು ಎದ್ದು ಹೋದರೆ ಇವನೂ ಎದ್ದು ಹೋಗಬೇಕು ಎಂದು ಬರೆದದ್ದು ನನಗಿನ್ನೂ ನೆನಪಿದೆ. ಅವರಿಗೆ ಸ್ವತಃ ಒಂದು ವಾದ್ಯವೂ ಬರುತ್ತಿರಲಿಲ್ಲ. ಕೇಳುವುದು ಮಾತ್ರ. ಕಣ್ಣು ಮುಚ್ಚಿ, ಬಲಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ, ರಾಗ ಮುಗಿಯುವ ತನಕ ಅಲುಗದೆ ಕೂರುವರು. ಪಕ್ಕದಲ್ಲಿ ಬಾಂಬು ಬಿದ್ದರೂ ಕಣ್ಣು ತೆರೆಯುವ ಆಸಾಮಿಯಲ್ಲ.

ನಮ್ಮಲ್ಲಿ ಪಕ್ಷ ಎಂಬುದು ಮೂಗು ಕಣ್ಣಿನ ಹಾಗೆ ಅಪ್ಪನಿಂದ ಬರುವುದು. ಕೆಂಪಿನ ಮನೆಯವರು ಕೆಂಪು, ನೀಲಿಯ ಮನೆಯವರು ನೀಲಿ. ನಮ್ಮಪ್ಪ ನೀಲಿ. ಶವಪೆಟ್ಟಿಗೆಯೊಳಗೂ ನೀಲಿ ಟೈ ಕಟ್ಟಿಕೊಂಡೇ ಹೋದರು. ಆದರೆ ಯಾರದಾದರೂ ಅಡುಗೆಮನೆಯಲ್ಲಿ ಪಿಟೀಲು ಪೆಟ್ಟಿಗೆಯಿಂದ ಹೊರಗೆ ಬಂತೆಂದರೆ ಕೆಂಪು ನೀಲಿ ಎರಡೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತವೆ. ಆ ಹೊತ್ತಿನಲ್ಲಿ ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ಮೀರಿದವನನ್ನು ಇನ್ನೊಂದು ಸಲ ಕರೆಯುವುದಿಲ್ಲ, ಅಷ್ಟೇ. ಮೇಷ್ಟ್ರು ಇಪ್ಪತ್ತೆರಡು ವರ್ಷ ಅಂಕಣ ಬರೆದರೂ ಅಡುಗೆಮನೆಯ ಒಂದು ಪಿಸುಮಾತೂ ಅದರೊಳಗೆ ನುಸುಳಿರಲಿಲ್ಲ.

ಅವರ ಜೀವದ ಗೆಳೆಯ ಹೆಕ್ಟರ್ ಮೆಕ್‌ವರಿಶ್. ದೋಣಿಗಟ್ಟೆ ಹೆಕ್ಟರ್ ಎಂದರೆ ಎಲ್ಲರಿಗೂ ಗೊತ್ತು. ವಸಂತದಲ್ಲಿ ಸಮುದ್ರಸೀಗಡಿಗೆ ಬೋನು ಹಾಕುವ ಮೀನುಗಾರ, ಉಳಿದ ತಿಂಗಳು ಪಿಟೀಲು. ವೇಗದ ರಾಗಕ್ಕೆ ಎರಡು ಕಾಲನ್ನೂ ನೆಲಕ್ಕೆ ಕುಟ್ಟಿ ಕುಟ್ಟಿ ನುಡಿಸುತ್ತಿದ್ದರೆ ಕಪಾಟಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಆದರೆ ಮೇಷ್ಟ್ರಿಗೆ ಅತಿ ಪ್ರಿಯವಾದದ್ದು ಆ ಕುಣಿತದ ರಾಗಗಳಲ್ಲ. ಹೆಕ್ಟರನ ಅಪ್ಪ, ಕಡಲಲ್ಲಿ ಮುಳುಗಿದ ತಮ್ಮನಿಗಾಗಿ ಕಟ್ಟಿದ ನಿಧಾನದ ರಾಗವೊಂದಿತ್ತು. ಅದಕ್ಕೆ ಹೆಸರಿಲ್ಲ. ಅದನ್ನು ನುಡಿಸುವಾಗ ಹೆಕ್ಟರ್ ಕಾಲು ಅಲುಗಿಸುತ್ತಿರಲಿಲ್ಲ. ಸತ್ತವರ ರಾಗಕ್ಕೆ ಕಾಲು ಕುಟ್ಟಬಾರದು ಎಂದು ಅವನಪ್ಪ ಹೇಳಿದ್ದರಂತೆ.

ಆ ವರ್ಷದ ಚುನಾವಣೆಗೆ ಕೆಂಪು ಪಕ್ಷದವರು ಹೆಕ್ಟರನನ್ನೇ ನಿಲ್ಲಿಸಿದರು. ಊರಿಗೆ ಊರೇ ಹಿಗ್ಗಿತು. ಮತದಾನಕ್ಕೆ ಒಂದು ವಾರವಿರುವಾಗ ಮೇಷ್ಟ್ರು ತಂದುಕೊಟ್ಟ ಹಾಳೆಗಳನ್ನು ನಾನು ಎಂದಿನಂತೆ ಅಕ್ಷರಕ್ಕೆ ಇಳಿಸಿದೆ. ರಾಜಕೀಯದ ಅರ್ಧ ಸ್ವಚ್ಛವಾಗಿತ್ತು. ಗೆಳೆಯನೆಂದು ಹೆಕ್ಟರನನ್ನು ಹೊಗಳಿರಲಿಲ್ಲ, ತೆಗಳಿರಲೂ ಇಲ್ಲ. ಮೂರು ನಕ್ಷತ್ರದ ಕೆಳಗೆ ಭಾನುವಾರ ಸಂಜೆ ಹೆಕ್ಟರನ ಮನೆಯಲ್ಲಿ ಕೇಳಿದ ಆ ಹೆಸರಿಲ್ಲದ ರಾಗದ ವಿಷಯ. ಐದನೇ ಸಾಲು ಹೀಗಿತ್ತು: ‘ಗೆದ್ದ ಮೇಲೆ ಕಾರ್ಖಾನೆಯ ಹೆಂಗಸರ ಚಳಿಗಾಲದ ಭತ್ಯೆಗೆ ತನ್ನ ಪಕ್ಷವೇ ಕತ್ತರಿ ಹಾಕಲಿದೆಯೆಂದು ಆಗಷ್ಟೇ ತಿಳಿದ ಮನುಷ್ಯನ ಕಮಾನು ಇನ್ನು ಹೇಗೆ ತಾನೆ ಹಗುರಾದೀತು?’

ನನ್ನ ಬೆರಳು ಅಲ್ಲೇ ನಿಂತಿತು. ಮೀನು ಕಾರ್ಖಾನೆ ನಡೆಯುವುದು ಬೇಸಿಗೆಯಲ್ಲಿ ಮಾತ್ರ. ಇಷ್ಟು ವಾರ ದುಡಿದರೆ ಚಳಿಗಾಲ ಪೂರ್ತಿ ಸರ್ಕಾರದ ಭತ್ಯೆ, ಅದರ ಮೇಲೆಯೇ ಅರ್ಧ ಊರಿನ ಒಲೆ ಉರಿಯುವುದು. ನನ್ನ ತಂಗಿ ರೋಡಾ ಕೂಡ ಅಲ್ಲೇ ಸೀಗಡಿ ಸುಲಿಯುತ್ತಿದ್ದಳು. ಮೇಷ್ಟ್ರು ರಾಜಕೀಯ ಬರೆಯುವಾಗ ಎಚ್ಚರವಾಗಿದ್ದವರು ರಾಗದ ವಿಷಯ ಬರೆಯುವಾಗ ಮೈಮರೆತಿದ್ದರು. ಸುದ್ದಿ ಬರೆಯುತ್ತಿದ್ದೇನೆ ಎಂದು ಅವರಿಗೆ ಹೊಳೆದೇ ಇರಲಿಲ್ಲ, ಕಮಾನನ್ನು ಹೊಗಳುತ್ತಿದ್ದೇನೆ ಎಂದುಕೊಂಡಿದ್ದರು.

ಮಂಗಳವಾರ ಸಂಜೆ ಐದಕ್ಕೆ ಒಂದು ಗಾಡಿ ಬಂದು ಪುಟಗಳನ್ನು ಮುದ್ರಣಕ್ಕಾಗಿ ಸಿಡ್ನಿಗೆ ಒಯ್ಯುತ್ತಿತ್ತು. ಆಸ್ಟ್ರೇಲಿಯಾದ್ದಲ್ಲ, ನಮ್ಮ ದ್ವೀಪದ್ದೇ ಸಿಡ್ನಿ. ಆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಫೋನು ಬಡಿದುಕೊಂಡಿತು.

“ಎಫಿ, ನಕ್ಷತ್ರದ ಕೆಳಗಿನ ಐದನೇ ಸಾಲು ತೆಗೆದುಬಿಡು ಕಣಮ್ಮ,” ಎಂದರು ಮೇಷ್ಟ್ರು. “ಅದು ಅಡುಗೆಮನೆ ಮಾತು. ಪಿಟೀಲು ಶ್ರುತಿ ಮಾಡ್ತಾ ಹೆಕ್ಟರ್ ನನ್ನ ಹತ್ರ ಹೇಳ್ಕೊಂಡಿದ್ದ. ಗೆದ್ರೆ ಒಳಗೆ ಕೂತು ಜಗಳ ಆಡಿ ನಿಲ್ಲಿಸ್ತೀನಿ ಅಂತಿದ್ದ. ಹೇಗೆ ಬರೆದ್ನೋ ದೇವರಿಗೇ ಗೊತ್ತು.”

ಪುಟಗಳು ನನ್ನ ಕಣ್ಣೆದುರಿಗೆ ಮೇಜಿನ ಮೇಲಿದ್ದವು. ಬ್ಲೇಡೂ ಅಲ್ಲೇ ಇತ್ತು. ಒಂದು ಸಾಲು ಕೆತ್ತಿ ತೆಗೆದು ಕೆಳಗಿನದನ್ನು ಮೇಲಕ್ಕೆ ಅಂಟಿಸುವುದು ಐದು ನಿಮಿಷದ ಕೆಲಸ.

“ಅಯ್ಯೋ ಮೇಷ್ಟ್ರೇ, ಪುಟ ಆಗ್ಲೇ ಹೋಯ್ತಲ್ಲ,” ಎಂದೆ. “ಗಾಡಿ ಇವತ್ತು ಬೇಗ ಬಂದುಬಿಡ್ತು.”

ಮೇಷ್ಟ್ರು ಸರಿ ಎಂದು ಫೋನಿಟ್ಟರು. ಗಾಡಿ ಐದಕ್ಕೇ ಬಂತು. ಪುಟಗಳನ್ನು ನನ್ನ ಕೈಯಾರೆ ಎತ್ತಿ ಕೊಟ್ಟೆ.

ಯಾಕೆ ಹಾಗೆ ಮಾಡಿದೆ? ಕಾರ್ಖಾನೆಯ ಹೆಂಗಸರಿಗೆ ತಿಳಿಯುವ ಹಕ್ಕಿದೆ, ನನ್ನ ತಂಗಿಯ ಅನ್ನದ ಪ್ರಶ್ನೆ ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಹಕ್ಕಿನ ಮಾತೇ ಆಗಿದ್ದರೆ ನಾನೇ ಹೆಕ್ಟರನ ಬಾಗಿಲಿಗೆ ಹೋಗಿ, ಹೌದೇನಪ್ಪಾ ಎಂದು ಕೇಳಿ, ನನ್ನ ಹೆಸರಲ್ಲೇ ಮೊದಲ ಪುಟದಲ್ಲಿ ಬರೆಯಬಹುದಿತ್ತು. ಇನ್ನರ್ಧ ನಿಜ ಇದು: ಜಾತ್ರೆಯ ಕುಂಬಳಕಾಯಿ ಬಹುಮಾನ, ಚರ್ಚಿನ ಊಟದ ಸುದ್ದಿ ಹಾಕಿ ಹಾಕಿ ಬೇಸತ್ತ ನನಗೆ ಮೊದಲ ಸಲ ದೊಡ್ಡ ಸುದ್ದಿಯೊಂದು ಸಿಕ್ಕಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬೇರೆಯವರ ಹೆಸರಿನ ಹಿಂದೆ ಅವಿತುಕೊಂಡು ಅದನ್ನು ಛಾಪಿಸಿದೆ. ಬುಧವಾರ ಮಧ್ಯಾಹ್ನದೊಳಗೆ ಪತ್ರಿಕೆ ಒಂದೂ ಉಳಿಯದೆ ಖರ್ಚಾದಾಗ ನಾಚಿಕೆ ಬಿಟ್ಟು ಹೆಮ್ಮೆಪಟ್ಟೆ.

ಸಂಜೆಯೊಳಗೆ ಕಾರ್ಖಾನೆಯವರ ಅಂಗಳಗಳಲ್ಲಿ ನೆಟ್ಟಿದ್ದ ಹೆಕ್ಟರನ ಕೆಂಪು ಫಲಕಗಳು ಒಂದೊಂದಾಗಿ ಮಾಯವಾದವು. ಸೋಮವಾರ ಮತದಾನ. ಶಾಲೆಯಲ್ಲಿ ಮತಚೀಟಿ ಎಣಿಸಿದರು. ಹೆಕ್ಟರ್ ಅರುವತ್ತಮೂರು ಮತಗಳಿಂದ ಸೋತ. ನೀಲಿಯವರು ಗೆದ್ದು ಅಧಿಕಾರಕ್ಕೆ ಬಂದರು, ಎರಡನೇ ಚಳಿಗಾಲಕ್ಕೆ ಅದೇ ಭತ್ಯೆಗೆ ಅದೇ ಕತ್ತರಿ ಹಾಕಿದರು. ಒಳಗೆ ಕೂತು ಜಗಳವಾಡಲು ನಮ್ಮ ಕಡೆಯವನು ಒಬ್ಬನೂ ಇರಲಿಲ್ಲ. ರೋಡಾ ಮನೆಗೆ ಬೀಗ ಹಾಕಿ ಪಶ್ಚಿಮಕ್ಕೆ ಹೋಗಿ, ಎಣ್ಣೆ ಬಾವಿಯವರ ಊಟದ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು.

ಹೆಕ್ಟರ್ ಜಗಳವಾಡಲಿಲ್ಲ, ಬೈಯಲಿಲ್ಲ. ಮುಂದಿನ ತಿಂಗಳು ಒಂದು ನಿಶ್ಚಿತಾರ್ಥದ ಮನೆಯಲ್ಲಿ ಅವನು ನುಡಿಸುತ್ತಿದ್ದಾಗ ಮೇಷ್ಟ್ರು ಬಾಗಿಲಲ್ಲಿ ಬೂಟು ಕಳಚಿ ಒಳಗೆ ಬಂದರು. ಹೆಕ್ಟರ್ ರಾಗದ ಮಧ್ಯದಲ್ಲೇ ಕಮಾನು ಇಳಿಸಿದ. ಬಟ್ಟೆಯಿಂದ ತಂತಿ ಒರೆಸಿದ. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ, ಕೈಕಟ್ಟಿ ಕೂತ. ಅಡುಗೆಮನೆ ತುಂಬ ಜನ ನೋಡುತ್ತಿದ್ದರು. ಮೇಷ್ಟ್ರು ತಿರುಗಿ ಬಾಗಿಲಿಗೆ ಬಂದು, ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು. ಕಟ್ಟಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೂತೇ ಇದ್ದೆ.

ಆಮೇಲೆ ಅವರು ಯಾರ ಅಡುಗೆಮನೆಗೂ ಹೋಗಲಿಲ್ಲ. ತಾವು ಹೋದರೆ ಉಳಿದವರಿಗೂ ಸಂಗೀತ ಇಲ್ಲದಂತಾಗುತ್ತದೆ ಎಂದರು, ಅಷ್ಟೇ. ಕ್ಯಾಸೆಟ್ಟು, ರೇಡಿಯೋ ಅವರಿಗೆ ಹಿಡಿಸುತ್ತಿರಲಿಲ್ಲ, ಕಾಲಿನ ಸದ್ದು ಬರುವುದಿಲ್ಲ ಎನ್ನುವರು. ಅಂಕಣ ಮಾತ್ರ ನಿಲ್ಲಿಸಲಿಲ್ಲ. ಆದರೆ ಮೂರು ನಕ್ಷತ್ರದ ಕೆಳಗೆ ಬರೆಯುವುದನ್ನು ಬಿಟ್ಟರು. ನಕ್ಷತ್ರ ಇರಲಿ, ಕೆಳಗಿನ ಜಾಗ ಖಾಲಿ ಬಿಡು ಎಂದು ನನಗೆ ಹೇಳಿದರು. ವಾರ ವಾರವೂ ಆ ನಕ್ಷತ್ರಗಳನ್ನು ಜೋಡಿಸಿ, ಕೆಳಗೆ ಅಂಗೈಯಗಲ ಬಿಳಿ ಕಾಗದ ಬಿಡುವುದು ನನ್ನ ಕೆಲಸ. ಬೇರೆ ಊರಿನವರು ಅದು ಮುದ್ರಣದೋಷ ಎಂದುಕೊಂಡರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಸೋಮವಾರ ಬೆಳಿಗ್ಗೆ ಟೀ ಕೊಟ್ಟು, ಓಟ್ಸ್ ಬಿಲ್ಲೆಗೆ ಬೆಣ್ಣೆ ಹಚ್ಚಿ ಕೊಟ್ಟು ಕಳಿಸುತ್ತಿದ್ದೆ. ಅವರು ಫೋನು ಮಾಡಿದ್ದ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ, ನನ್ನ ಮುಂದೆಯೂ. ಊರೆಲ್ಲ ಅವರನ್ನು ಗೆಳೆಯನ ಗುಟ್ಟು ಮಾರಿಕೊಂಡವನು ಎಂದಿತು. ಕೇಳಿಸಿಕೊಂಡರು.

ಹೀಗೆ ಹನ್ನೊಂದು ವರ್ಷ. ಕೊನೆಯ ಎರಡು ವರ್ಷಗಳಲ್ಲಿ ಅವರ ಕಿವಿ ಹೋಯಿತು. ಸ್ವಲ್ಪ ಮಂದವಾಯಿತು ಎಂದು ಊರವರು ತಿಳಿದಿದ್ದರು. ಪೂರ್ತಿ ಹೋದದ್ದು ನನಗೊಬ್ಬಳಿಗೇ ಗೊತ್ತು, ಯಾಕೆಂದರೆ ನನ್ನ ಕಚೇರಿಯಲ್ಲಿ ಮಾತ್ರ ಚೀಟಿ ಬರೆದು ತೋರಿಸು ಎನ್ನುತ್ತಿದ್ದರು. ಕಳೆದ ಮೇ ತಿಂಗಳ ಒಂದು ಸೋಮವಾರ ಹಾಳೆಗಳನ್ನಿಟ್ಟು ಕೂತು, ಡಾಕ್ಟರು ಇನ್ನು ಕಿವಿಯ ಯಂತ್ರವೂ ಬೇಡ ಎಂದುಬಿಟ್ಟರು ಎಂದು ಸಹಜವಾಗಿ ಹೇಳಿದರು. ಮೊದಲು ಕೆಟಲಿನ ಸಿಳ್ಳು ಹೋಯಿತಂತೆ, ಆಮೇಲೆ ಹಕ್ಕಿಯ ದನಿ, ಆಮೇಲೆ ಹೆಂಗಸರ ದನಿ.

“ಇನ್ನೇನು ಎಫಿ, ಹೆಕ್ಟರ್ ನನ್ನ ತಲೆ ಮೇಲೇ ಕೂತು ನುಡಿಸಿದ್ರೂ ಅವನಿಗೇನೂ ನಷ್ಟ ಇಲ್ಲ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅಲ್ಲಿದ್ದ ಕರಡು ಹಾಳೆಯೊಂದನ್ನು ತಿರುಗಿಸಿ ಹಿಂದೆ ಬರೆದೆ. ಮೂವತ್ತು ವರ್ಷ ಊರಿನವರ ಮಾತನ್ನೆಲ್ಲ ಅಕ್ಷರಕ್ಕೆ ಇಳಿಸಿದವಳಿಗೆ ಆ ನಾಲ್ಕು ಸಾಲು ಬರೆಯಲು ಹತ್ತು ನಿಮಿಷ ಹಿಡಿಯಿತು. ‘ಮೇಷ್ಟ್ರೇ, ನೀವು ಫೋನು ಮಾಡಿದಾಗ ಪುಟ ನನ್ನ ಮೇಜಿನ ಮೇಲೇ ಇತ್ತು. ಹೋಯಿತೆಂದು ಸುಳ್ಳು ಹೇಳಿದೆ. ಬೇಕೆಂದೇ ತೆಗೆಯಲಿಲ್ಲ. ತಪ್ಪು ನನ್ನದು.’ ಹಾಳೆಯನ್ನು ಅವರ ಮುಂದೆ ತಳ್ಳಿ ನೆಲ ನೋಡುತ್ತ ಕೂತೆ.

ಅವರು ಅದನ್ನು ಉತ್ತರಪತ್ರಿಕೆ ಓದುವ ಹಾಗೆ ಎರಡು ಸಲ ಓದಿದರು.

“ಗಾಡಿ ಎಷ್ಟು ಗಂಟೆಗೆ ಬಂತು?”

ಐದಕ್ಕೆ ಎಂದು ಬೆರಳು ತೋರಿಸಿದೆ.

“ಎರಡು ಗಂಟೆ ಹೊತ್ತಿತ್ತು,” ಎಂದರು. ಎದುರಿಗಿದ್ದ ಟೀ ಲೋಟವನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು. “ಹನ್ನೊಂದು ವರ್ಷ ಇದೇ ಕೈಯಲ್ಲಿ ನನಗೆ ಟೀ ಕೊಟ್ಯಲ್ಲೇ.”

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಹಾಳೆಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, ಕಾರು ತೆಗಿ ಎಂದರು. ದೋಣಿಗಟ್ಟೆಯ ಕಡೆಗೆ ಕೈ ತೋರಿಸಿದರು.

ಹೆಕ್ಟರ್ ದೋಣಿಗಟ್ಟೆಯ ಮನೆಯ ಹಿಂದೆ ಕೂತು ಮುರಿದ ಬೋನಿಗೆ ಬಲೆ ಹೆಣೆಯುತ್ತಿದ್ದ. ಹೆಂಡತಿ ತೀರಿಕೊಂಡು, ದೋಣಿ ಮಗಳ ಪಾಲಾಗಿ, ಈಗ ಅವನಿಗೆ ಅಷ್ಟೇ ಕೆಲಸ. ನಮ್ಮಿಬ್ಬರನ್ನೂ ನೋಡಿ ಏಳಲಿಲ್ಲ. ಮೇಷ್ಟ್ರು ಹಾಳೆಯನ್ನು ಅವನ ಮಡಿಲಲ್ಲಿಟ್ಟರು. ಅವನು ಕನ್ನಡಕ ಹುಡುಕಿ ಹಾಕಿಕೊಂಡು, ತುಟಿ ಅಲುಗಿಸುತ್ತ ಓದಿ, ನನ್ನ ಮುಖ ನೋಡಿದ.

“ಇವನು ಫೋನ್ ಮಾಡಿದ್ನಾ?”

“ಮಾಡಿದ್ರು. ಮೂರು ಗಂಟೆಗೆ.”

“ನಿಮ್ಮಪ್ಪ ಹುಟ್ಟಾ ನೀಲಿ. ಆದ್ರೂ ಒಂದು ದಿನ ಸುಳ್ಳು ಹೇಳಿದೋನಲ್ಲ,” ಎಂದ ಹೆಕ್ಟರ್. ಕಪಾಳಕ್ಕೆ ಹೊಡೆದಿದ್ದರೆ ಮೇಲಿತ್ತು. ಆಮೇಲೆ ಗೆಳೆಯನ ಕಡೆ ತಿರುಗಿ ಗದರಿದ. “ಲೋ ಲಾಕಿ, ಯಾಕೋ ಬಾಯಿ ಬಿಡ್ಲಿಲ್ಲ ನೀನು?”

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತೋರಿಸಿದೆ.

“ಏನಂತ ಬಿಡ್ಲಿ? ಬರೆದೋನು ನಾನೇ ತಾನೆ,” ಎಂದರು ದೊಡ್ಡ ದನಿಯಲ್ಲಿ. “ಆಮೇಲೆ ಫೋನ್ ಮಾಡಿದ್ದೆ ಅಂತ ಮನೆಮನೆಗೆ ಹೇಳ್ಕೊಂಡು ತಿರುಗ್ಲಾ?”

ಹೆಕ್ಟರ್ ಬೋನನ್ನು ಪಕ್ಕಕ್ಕಿಟ್ಟ. ಸೋತದ್ದಕ್ಕೆ ತನಗೆ ಸಿಟ್ಟಿರಲಿಲ್ಲ, ಕಾರ್ಖಾನೆಯವರಿಗೆ ತಾನೇ ಮೊದಲು ಹೇಳಬೇಕಿತ್ತು, ಹೇಳುವ ಧೈರ್ಯ ಇರಲಿಲ್ಲ, ಆ ನಾಚಿಕೆಯನ್ನೆಲ್ಲ ಇವನ ತಲೆಗೆ ಕಟ್ಟಿದೆ ಎಂದು ನನಗೆ ಹೇಳಿದ. ಅದನ್ನು ಬರೆದು ತೋರಿಸು ಎನ್ನಲಿಲ್ಲ. ನಾನೂ ಬರೆಯಲಿಲ್ಲ. ಅವನು ಎದ್ದು, ಮೇಷ್ಟ್ರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ನಾನು ಬಾಗಿಲಲ್ಲೇ ಉಳಿದೆ.

“ಒಳಗೆ ಬಂದು ಟೀಗೆ ನೀರಿಡು,” ಎಂದ, ನನ್ನ ಮುಖ ನೋಡದೆ. “ಕಂಬದ ಹಾಗೆ ನಿಂತ್ಕೋಬೇಡ.”

ಮೇಷ್ಟ್ರು ಬೂಟು ಕಳಚಿ, ಹನ್ನೊಂದು ವರ್ಷದ ಹಿಂದೆ ಕೂರುತ್ತಿದ್ದ ಕುರ್ಚಿಯಲ್ಲೇ ಕೂತರು. ಹೆಕ್ಟರ್ ಪೆಟ್ಟಿಗೆ ತೆರೆದು ಪಿಟೀಲನ್ನು ಕತ್ತಿಗೆ ಒತ್ತಿಕೊಂಡ. ಮೇಷ್ಟ್ರು ಕಣ್ಣು ಮುಚ್ಚಿ, ಬಲಗೈಯನ್ನು ಮೇಜಿನ ಮೇಲೆ ಊರಿದರು. ಕಿವಿಯ ವಿಷಯ ಹೆಕ್ಟರನಿಗೆ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಕಮಾನು ತಂತಿಯ ಮೇಲೆ ಇಳಿದಾಗಿತ್ತು. ಅವನು ಆರಿಸಿಕೊಂಡದ್ದು ಆ ಹೆಸರಿಲ್ಲದ ರಾಗವನ್ನೇ. ಗಂಟುಕಟ್ಟಿದ ಬೆರಳುಗಳು ಒಂದೆರಡು ಕಡೆ ಜಾರಿದವು. ಅವನ ಕಾಲುಗಳು ನೆಲದ ಮೇಲೆ ಅಲುಗದೆ ಇದ್ದವು.

ಮೇಷ್ಟ್ರು ಕಾದರು. ಮೊದಲ ಭಾಗ ಮುಗಿದು ಎರಡನೆಯದು ಶುರುವಾಯಿತು. ಕೆಟಲಿನಲ್ಲಿ ನೀರು ಕುದಿಯತೊಡಗಿತು.

“ಶುರು ಮಾಡೋ ಹೆಕ್ಟರ್,” ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ, ಸಲಿಗೆಯಿಂದ. “ಎಷ್ಟೊತ್ತು ಶ್ರುತಿ ಮಾಡ್ತೀಯ?”

ಹೆಕ್ಟರ್ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಪೂರ್ತಿ ಹೋಗಿದೆ ಎಂದು ಕಿವಿ ಮುಟ್ಟಿ ಕೈಸನ್ನೆ ಮಾಡಿದೆ. ಅವನ ಮುಖ ಕಳೆಗುಂದಿತು, ಆದರೆ ಕಮಾನು ನಿಲ್ಲಿಸಲಿಲ್ಲ. ಎರಡು ಸುತ್ತು ಹಾಗೇ ಎಳೆದ. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಜರುಗಿಸಿ, ಬಲಗಾಲನ್ನೆತ್ತಿ ನೆಲಕ್ಕೆ ಇಳಿಸಿದ. ತಡೆದು ತಡೆದು, ಒಂದೊಂದು ಏಟಿಗೂ ಕಣ್ಣಲ್ಲಿ ನೀರು ಸುರಿಸುತ್ತ, ಅಪ್ಪ ಕುಟ್ಟಬಾರದೆಂದಿದ್ದ ರಾಗಕ್ಕೆ ಕಾಲು ಕುಟ್ಟಿದ.

“ಹಾಂ, ಬಂತು,” ಎಂದರು ಮೇಷ್ಟ್ರು. ಅವರ ಬೆರಳುಗಳು ಅದುರುತ್ತಿದ್ದ ಹಲಗೆಯನ್ನು ಇನ್ನಷ್ಟು ಒತ್ತಿದವು. “ಬಂತು, ಬಂತು. ಯಾವ್ದೇ ಎಫಿ ಇದು? ನಡಿಗೆ ಗೊತ್ತಾಗ್ತಿಲ್ಲ.”

ಚೀಟಿಯಲ್ಲಿ ಬರೆಯೋಣವೆಂದರೆ ಆ ರಾಗಕ್ಕೆ ಹೆಸರಿಲ್ಲ. ‘ಅದೇ’ ಎಂದು ಬರೆದು ಅವರ ಭುಜ ಮುಟ್ಟಿದೆ. ಕಣ್ಣು ತೆರೆದು ಓದಿದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಹನ್ನೊಂದು ವರ್ಷಗಳಲ್ಲಿ ಒಂಬತ್ತು ವರ್ಷ ಆ ಕಿವಿಗಳು ಚೆನ್ನಾಗಿಯೇ ಇದ್ದವು, ಆ ಒಂಬತ್ತು ವರ್ಷವನ್ನು ತಿಂದವಳು ನಾನು, ಅದು ಅವರಿಗೂ ಗೊತ್ತು ನನಗೂ ಗೊತ್ತು. ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿಕೊಂಡರು, ಮೇಜಿನ ಮೇಲಿನ ಕೈ ತೆಗೆಯಲಿಲ್ಲ. ನಾನು ಒಲೆ ಆರಿಸಿ ಮೂರು ಲೋಟಕ್ಕೆ ಟೀ ಬಗ್ಗಿಸಿದೆ, ಮೇಷ್ಟ್ರ ಲೋಟವನ್ನು ಅವರ ಮುಂದಿಟ್ಟೆ. ರಾಗ ಮುಗಿದ ಮೇಲೂ ಅವರು ಅದನ್ನು ಮುಟ್ಟಲಿಲ್ಲ.